ಜಡವಾದವೂ ವಿಜ್ಞಾನವಾರ್ತೆಯೂ

ಬೆನ್ನು ಎಂಬ ಕ್ಷುದ್ರಗ್ರಹದಿಂದ ಅಮೆರಿಕದ ನೌಕೆಯೊಂದು 2023ರ ಸೆಪ್ಟೆಂಬರಿನಲ್ಲಿ 120 ಗ್ರಾಮಿಗೆ ತುಸು ಹೆಚ್ಚು ಮಣ್ಣನ್ನು ಭೂಮಿಗೆ ತಂದಿಳಿಸಿತು. ಪರೀಕ್ಷೆಯ ಫಲ 2025ರ ಜನವರಿಯಲ್ಲಿ ಪ್ರಕಟವಾಯಿತು. ಜೀವಿಗಳ ಪ್ರೋಟೀನಿಗೆ ಬೇಕಾದ 20 ಅಮೈನೋ ಆಮ್ಲಗಳಲ್ಲಿ 14 ಅದರಲ್ಲಿ ದೊರೆತವು. ವಾರ್ತೆಯನ್ನೋದಿದ ಮಿತ್ರರೊಬ್ಬರು, "ಇನ್ನೇನು ಸ್ವಾಮಿ, ಜೀವದ ಗುಟ್ಟು ಬಯಲಾಯಿತು; ಎಲ್ಲವೂ ಜಡವೇ" ಎಂದರು. ಜೊತೆಗಿದ್ದ ಮತ್ತೊಬ್ಬರು, "ಮೊದಲ ಜೀವ ಹುಟ್ಟಿದ್ದು ಹೇಗೆಂದು ಇನ್ನೂ ತಿಳಿಯದು, ಆದ್ದರಿಂದ ವಿಕಾಸವಾದವೇ ಸುಳ್ಳು" ಎಂದರು. ಓದಿಸುವುದೇ ಕಸುಬಾದ ನನಗೆ ಇಬ್ಬರೂ ತಪ್ಪಾಗಿ ಓದಿದರೆಂದು ತೋರಿತು.

ಸಾಮಗ್ರಿ ದೊರೆತ ಮಾತ್ರಕ್ಕೆ ಅಡಿಗೆಯಾಗದು. ಆ ಮಣ್ಣಿನಲ್ಲಿ ಎಡ ಮತ್ತು ಬಲ ರೂಪದ ಅಮೈನೋ ಆಮ್ಲಗಳು ಹೆಚ್ಚುಕಡಿಮೆ ಸಮವಾಗಿ ಬೆರೆತಿದ್ದವು. ನಮ್ಮ ಪ್ರೋಟೀನುಗಳಾದರೋ ಎಡರೂಪವನ್ನೇ ಆರಿಸಿಕೊಂಡಿವೆ. ಆ ಆಯ್ಕೆಯ ಕಾರಣ ಇನ್ನೂ ನಿಶ್ಚಯವಾಗಿಲ್ಲ. ಹಾಗೆಂದು ಎರಡನೆಯ ಮಿತ್ರರು ಹಿಗ್ಗಬೇಕಾಗಿಲ್ಲ. ವಿಕಾಸವಾದ ಹೇಳುವುದು ಜೀವ ಹುಟ್ಟಿದ ಮೇಲಿನ ಕಥೆಯನ್ನು. ಅದಕ್ಕೆ ಪಳೆಯುಳಿಕೆಗಳ, ಆನುವಂಶಿಕತೆಯ ಸಾಕ್ಷ್ಯ ಬಲವಾಗಿದೆ. ಇಂದಿನ ಅಜ್ಞಾನದ ಮೇಲೆ ದೇವರಿಗೆ ಗುಡಿ ಕಟ್ಟಿದರೆ ನಾಳಿನ ವಾರ್ತೆ ಅದನ್ನು ಕೆಡವೀತು.

ಜಡವಾದದ ನಿಜವಾದ ತೊಡಕು ಬೇರೆಡೆಯಲ್ಲಿದೆ. ಅದನ್ನು ತೋರಿದವರು ಪ್ರಸಿದ್ಧ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್. ನನ್ನ ಯೋಚನೆಗಳೆಲ್ಲ ಮಿದುಳಿನ ಪರಮಾಣುಗಳ ಚಲನೆಯಿಂದಲೇ ನಿರ್ಧಾರವಾಗುವುದಾದರೆ ಅವು ಸತ್ಯವೆಂದು ನಂಬಲು ಆಧಾರವೇನು? ಮಿದುಳು ಪರಮಾಣುಗಳಿಂದಾಗಿದೆಯೆಂಬ ಯೋಚನೆಗೂ ಇದೇ ಗತಿಯಲ್ಲವೆ? 1927ರಲ್ಲಿ ಹೀಗೆ ವಾದಿಸಿದ ಅವರೇ 1954ರಲ್ಲಿ ಅದು ತಪ್ಪೆಂದು ಒಪ್ಪಿಕೊಂಡರು. ಲೆಕ್ಕದ ಯಂತ್ರ ಭೌತನಿಯಮವನ್ನೂ ತರ್ಕವನ್ನೂ ಒಟ್ಟಿಗೆ ಪಾಲಿಸಬಲ್ಲುದೆಂಬುದು ಅವರ ಸಮಾಧಾನ. 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಈ ಹಿರಿಯರ ಪ್ರಾಮಾಣಿಕತೆಗೆ ತಲೆಬಾಗುತ್ತೇನೆ. ಸಮಾಧಾನವನ್ನು ಮಾತ್ರ ಒಪ್ಪಲಾರೆ. ಸರಿಯಾಗಿ ಕೂಡುವ ಯಂತ್ರವೂ ತಪ್ಪಾಗಿ ಕೂಡುವ ಯಂತ್ರವೂ ಭೌತನಿಯಮವನ್ನು ಸಮನಾಗಿಯೇ ಪಾಲಿಸುತ್ತವೆ. ಸರಿ ತಪ್ಪೆಂಬ ಭೇದ ಆ ನಿಯಮದೊಳಗಿಲ್ಲ.

ತಪ್ಪೆಣಿಸಿದವರನ್ನು ನಿಸರ್ಗವೇ ಅಳಿಸಿತೆನ್ನಬಹುದು. ಹುಲಿಯ ವಿಷಯದಲ್ಲಿ ಅದು ನಿಜ. ಆದರೆ ಉನ್ನತ ಗಣಿತ, ಸಂಗೀತಗಳು ಯಾವ ಹುಲಿಯಿಂದ ಯಾರನ್ನು ಉಳಿಸಿದವು? ಡಾರ್ವಿನ್ನರೊಡನೆ 1858ರಲ್ಲಿ ನಿಸರ್ಗದ ಆಯ್ಕೆಯ ತತ್ತ್ವವನ್ನು ಸಾರಿದ ವಾಲೇಸರಿಗೇ 1869ರ ವೇಳೆಗೆ ಇಂಥ ಸಂದೇಹ ಬಂದಿತ್ತು, ಡಾರ್ವಿನ್ ಒಪ್ಪಲಿಲ್ಲ. ಒಂದು ಕೆಲಸಕ್ಕೆ ಬೆಳೆದ ಶಕ್ತಿ ಇನ್ನೊಂದಕ್ಕೂ ಒದಗೀತೆಂಬ ಉತ್ತರದಲ್ಲಿ ಹುರುಳಿದೆ. ಆದರೆ ಅದು ಬುದ್ಧಿ ಹೇಗೆ ಬಂತೆಂಬುದನ್ನು ಹೇಳುತ್ತದೆಯೇ ಹೊರತು, ಬುದ್ಧಿಯ ತೀರ್ಪು ಏಕೆ ಪ್ರಮಾಣವೆಂಬುದನ್ನಲ್ಲ.

ಮೊದಲನೆಯದು ವಿಜ್ಞಾನದ ಪ್ರಶ್ನೆ, ಎರಡನೆಯದು ದರ್ಶನದ್ದು. ಕಾವ್ಯದ ರುಚಿಯೂ ಉಳಿವಿನ ಉಪಾಯವಷ್ಟೆ ಎನ್ನುವ ವಿದ್ಯಾರ್ಥಿಗೆ ನಾನು ಹೇಳುವುದಿಷ್ಟೆ: ಆ ಮಾತನ್ನು ಸತ್ಯವೆಂದು ಹೇಳುತ್ತಿದ್ದೀಯೋ, ಅದೂ ಉಳಿವಿನ ಉಪಾಯವೋ? ನಮ್ಮ ಚಾರ್ವಾಕರು ಜಡವಾದಿಗಳೇ ಆಗಿದ್ದರು. ದರ್ಶನಗಳ ನಡುವೆ ಒಂದು ದರ್ಶನವಾಗಿ ನಿಂತು ವಾದಿಸಿದರು. ಇಂದಿನ ಜಡವಾದವೂ ಪ್ರಯೋಗಶಾಲೆಯ ಮುದ್ರೆಯನ್ನು ಕೆಳಗಿಟ್ಟು ಆ ಸಭೆಗೆ ಬರಲಿ. ಬಂದರೆ ಆಸನ ಕೊಡೋಣ, ವಾದವನ್ನೂ ಹೂಡೋಣ.