ಕೆಸರಿನೊಳಗಿನ ಹೊಯಿಗೆ ಗೆರೆ

ಹಳೆಯ ಬಿರುಗಾಳಿಗಳ ಗುರುತು ಹುಡುಕುವ ಹುಚ್ಚು ಹತ್ತಿದವರು ಮೊದಲು ಕಡಲ ದಂಡೆಗೆ ಓಡುತ್ತಾರೆ. ಅಲ್ಲಿ ಸಿಗುವುದು ಬಹಳ ಕಡಿಮೆ. ಅಲೆ ಇಂದು ಸುರಿದ ಹೊಯಿಗೆಯನ್ನು ನಾಳೆ ತಾನೇ ಎಳೆದುಕೊಂಡು ಹೋಗುತ್ತದೆ. ಹುಡುಕಬೇಕಾದದ್ದು ದಂಡೆಯ ಬೆನ್ನಿಗೆ, ಯಾರೂ ಫೋಟೊ ತೆಗೆಯದ ಜೌಗಿನಲ್ಲಿ, ಹುಲ್ಲು ಬೆಳೆದ ಉಪ್ಪುನೀರಿನ ತಗ್ಗಿನಲ್ಲಿ. ಅಲ್ಲಿ ವರ್ಷಕ್ಕೊಂದಿಷ್ಟು ಕಪ್ಪು ಕೆಸರು, ಕೊಳೆತ ಬೇರು ಕೂಡುವುದು ಬಿಟ್ಟರೆ ಬೇರೇನೂ ನಡೆಯುವುದಿಲ್ಲ. ಹಾಗಾಗಿಯೇ ಏನಾದರೂ ನಡೆದರೆ ಅಡಗಿಸಿಡಲು ಆಗುವುದಿಲ್ಲ. ಕಡಲು ದಂಡೆಯನ್ನು ಹಾರಿ ಒಳನುಗ್ಗಿದ ದಿನ ಆ ಕಪ್ಪಿನ ಮೇಲೆ ಬಿಳಿ ಹೊಯಿಗೆಯ ಹಾಸು ಬೀಳುತ್ತದೆ. ಮುಂದಿನ ವರ್ಷಗಳ ಕೆಸರು ಅದನ್ನು ಮುಚ್ಚಿ ಕಾಪಾಡುತ್ತದೆ.

ಈ ಗೀಳಿನವರಿಗೆ ತಲೆಗೊಂದು ನೆಚ್ಚಿನ ಜೌಗು ಇರುತ್ತದೆ. ನನ್ನದು ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಸಕಟ್ಯಾಶ್ ಮಾರ್ಷ್. ನಕ್ಷೆ, ಚಿತ್ರ, ಪ್ರಬಂಧಗಳಲ್ಲಿ ಮಾತ್ರ ಕಂಡ ಊರು. ಪ್ರೀತಿಗೆ ಅಷ್ಟು ಸಾಲದೇ? ಜೆಫ್ರಿ ಡೊನೆಲ್ಲಿ ಮತ್ತು ಸಂಗಡಿಗರು ಅಲ್ಲಿ ಸಾಲುಸಾಲಾಗಿ ಕೊಳವೆ ಇಳಿಸಿ, 700 ವರ್ಷಗಳ ಕೆಸರನ್ನು ಎತ್ತಿ, 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಕ್ಕಿದ್ದು ಆರು ಹೊಯಿಗೆ ಹಾಸು. ಮೇಲಿನ ಎರಡು 1954ರ ಕ್ಯಾರಲ್ ಮತ್ತು 1938ರ ಸೆಪ್ಟೆಂಬರ್ ಚಂಡಮಾರುತದವು. 1938ರದ್ದು ನ್ಯೂ ಇಂಗ್ಲೆಂಡಿನಲ್ಲಿ ನೂರಾರು ಜನರನ್ನು ಬಲಿ ತೆಗೆದುಕೊಂಡದ್ದು. ಅದರ ಕೆಳಗೆ 1815ರ ಹಾಸು. ಇನ್ನೂ ಕೆಳಗಿನದು 1635ರದ್ದಿರಬೇಕು, ಇಲ್ಲವೇ 1638ರದ್ದು. ಕೊನೆಯ ಎರಡು, ಆ ನಾಡಿನಲ್ಲಿ ಬರೆದಿಡುವವರೇ ಇಲ್ಲದ ಕಾಲದವು: ಒಂದು 15ನೇ ಶತಮಾನದ ಮೊದಲರ್ಧದ ಆಸುಪಾಸು, ಇನ್ನೊಂದು ಅದಕ್ಕೂ ಹಿಂದಿನದು.

ಈ ‘1635 ಇಲ್ಲವೇ 1638’ ಎಂಬುದು ನನಗೆ ಬಹಳ ಇಷ್ಟ. 1635ರ ಆಗಸ್ಟಿನ ಗಾಳಿಯ ಬಗ್ಗೆ ಪ್ಲಿಮತ್ ವಸಾಹತಿನ ವಿಲಿಯಂ ಬ್ರ್ಯಾಡ್‌ಫರ್ಡ್ ಬರೆದಿಟ್ಟಿದ್ದಾನೆ. ಮೂರು ವರ್ಷದ ಅಂತರ ಕಾಗದಕ್ಕೆ ಗೊತ್ತಾಗುತ್ತದೆ, ಕೆಸರಿಗೆ ಗೊತ್ತಾಗುವುದಿಲ್ಲ. ಹಾಗೆಂದು ಕೆಸರಿಗೆ ಕಾಲವೇ ತಿಳಿಯದೆಂದಲ್ಲ. ಅಣುಬಾಂಬ್ ಪರೀಕ್ಷೆಗಳ ಸೀಸಿಯಂ-137 ಅತಿ ಹೆಚ್ಚು ಉದುರಿದ್ದು 1963ರಲ್ಲಿ. ಆ ಪದರ ಸಿಕ್ಕರೆ ಮೇಲಿನ ಭಾಗಕ್ಕೆ ಗಟ್ಟಿ ಮೊಳೆ ಹೊಡೆದಂತೆ. ಅದರ ಕೆಳಗೆ ಕಾರ್ಖಾನೆಗಳ ಸೀಸದ ಹೊಗೆ ಶುರುವಾದ ಮಟ್ಟ, ಅದಕ್ಕೂ ಕೆಳಗೆ ವಲಸಿಗರು ಕಾಡು ಕಡಿದಾಗ ಹೆಚ್ಚಿದ ಕಳೆಗಿಡಗಳ ಪರಾಗ. ತೀರ ಆಳಕ್ಕೆ ಹೋದರೆ ಬೇರಿನ ಚೂರಿನಲ್ಲಿರುವ ಇಂಗಾಲ-14 ಮಾತ್ರ ಗತಿ, ಅದು ಹೇಳುವುದು ದಶಕಗಳ ಅಂದಾಜು.

ಸಲಕರಣೆ ಅಂಥ ಘನವಾದದ್ದೇನಲ್ಲ. ಅಲ್ಯುಮಿನಿಯಂ ಕೊಳವೆ, ಅದನ್ನು ಅದುರಿಸಿ ಇಳಿಸಲು ತಾರಸಿ ಹಾಕುವಾಗ ಕಾಂಕ್ರೀಟಿಗೆ ತೂರಿಸುವ ಅದೇ ವೈಬ್ರೇಟರ್, ಮೇಲೆತ್ತಲು ಮೂರು ಕಾಲಿನ ಅಟ್ಟಣೆ. ಕೊಳವೆ ಉದ್ದುದ್ದ ಸೀಳಿ, ಸೆಂಟಿಮೀಟರಿಗೊಂದು ಚೂರು ತೆಗೆದು, ಒಣಗಿಸಿ ತೂಗಿ, ಸುಮಾರು 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು ಮತ್ತೆ ತೂಗುತ್ತಾರೆ. ಬೇರು-ಎಲೆಯೆಲ್ಲ ಉರಿದುಹೋಗುತ್ತದೆ, ಹೊಯಿಗೆ ಉಳಿಯುತ್ತದೆ. ಕಣ್ಣಿಗೆ ಕಾಣದ ಗೆರೆಯೂ ತಕ್ಕಡಿಯಲ್ಲಿ ಸಿಕ್ಕಿಬೀಳುತ್ತದೆ.

ಇಲ್ಲಿಯವರೆಗಿನದು ಸುಲಭ. ತೊಡಕು ಶುರುವಾಗುವುದು ಗೆರೆಗಳನ್ನು ಎಣಿಸಿ ಹಳೆಯ ಗಾಳಿಯ ಬಲ ಹೇಳಲು ಹೊರಟಾಗ. ಈ ವಿದ್ಯೆಗೆ ದಾರಿ ಹಾಕಿಕೊಟ್ಟ ಕಾಮ್-ಬಿಯು ಲಿಯು ಮತ್ತು ಮಿರಿಯಂ ಫರ್ನ್ 1993ರಲ್ಲಿ ಅಲಬಾಮಾದ ಲೇಕ್ ಶೆಲ್ಬಿಯ ಕೆಸರಿನ ಮೇಲೆ ಬರೆದರು. 1979ರ ಫ್ರೆಡರಿಕ್ ಚಂಡಮಾರುತ ಆ ಕೆರೆಯ ಅಂಚಿಗೆ ಹೊಯಿಗೆ ತಂದಿತ್ತು, ನಡುಮಧ್ಯಕ್ಕೆ ತಂದಿರಲಿಲ್ಲ. ಹಾಗಾದರೆ ಕೆರೆಯ ನಡುವಿನ ಕೆಸರಿನಲ್ಲಿ ಸಿಕ್ಕ ಗೆರೆಗಳು ಫ್ರೆಡರಿಕ್‌ಗಿಂತ ದೊಡ್ಡ ಗಾಳಿಗಳವು ಎಂದು ಅವರ ತರ್ಕ. ಲೆಕ್ಕ ಹಾಕಿದಾಗ ಅಂಥದ್ದು ಸುಮಾರು 600 ವರ್ಷಕ್ಕೊಮ್ಮೆ ಬಂತು. ಕಣ್ಣೆದುರು ನಡೆದ ಒಂದು ಗಾಳಿಯನ್ನು ಅಳತೆಗೋಲು ಮಾಡಿಕೊಂಡು ಕಾಣದ ಗಾಳಿಗಳನ್ನು ಅಳೆದ ಆ ಜಾಣ್ಮೆಗೆ ನಾನು ಇಂದಿಗೂ ತಲೆದೂಗುತ್ತೇನೆ.

ಆದರೆ ಅದು ನಿಂತಿರುವುದು ಒಂದು ನಂಬಿಕೆಯ ಮೇಲೆ: ಕಡಲಿಗೂ ಕೆರೆಗೂ ನಡುವಿನ ದಂಡೆ ಇಷ್ಟೂ ಕಾಲ ಇದ್ದಲ್ಲೇ, ಇದ್ದಷ್ಟೇ ಎತ್ತರಕ್ಕೆ ಇತ್ತು ಎಂಬುದು. ದಂಡೆ ಹಾಗೆ ಇರುವ ಜಾತಿಯಲ್ಲ. ಕಡಲಮಟ್ಟ ಏರಿದಂತೆ ಅದು ತನ್ನ ಮುಂಭಾಗವನ್ನು ಕಳೆದುಕೊಂಡು ಬೆನ್ನಿಗೆ ಚೆಲ್ಲಿಕೊಳ್ಳುತ್ತ ಒಳನಾಡಿನ ಕಡೆಗೆ ಸರಿಯುತ್ತದೆ. ಸಾವಿರ ವರ್ಷದ ಹಿಂದೆ ಕೊಳವೆ ಇಳಿಸಿದ ಜಾಗದಿಂದ ಅರ್ಧ ಮೈಲಿ ದೂರವಿದ್ದ ದಂಡೆ ಇಂದು ಪಕ್ಕದಲ್ಲೇ ಬಂದು ನಿಂತಿರಬಹುದು. ಆಗ ಮಹಾಮಾರುತವೂ ತಲುಪಿಸದ ಹೊಯಿಗೆಯನ್ನು ಈಗ ನಡುಗಾತ್ರದ ಗಾಳಿಯೇ ತಂದು ಸುರಿಯುತ್ತದೆ. ಕೊಳವೆಯಲ್ಲಿ ಮೇಲಕ್ಕೆ ಬಂದಂತೆ ಗೆರೆ ಹೆಚ್ಚಾದವೆಂದರೆ ಗಾಳಿ ಹೆಚ್ಚಾಯಿತೆಂದು ಬರೆಯಲು ಕೈ ತುರಿಸುತ್ತದೆ, ತಡೆದುಕೊಳ್ಳಬೇಕು. ದಂಡೆ ಒಡೆದು ಹೊಸ ಅಳಿವೆ ತೆರೆದುಕೊಂಡಿದ್ದರಂತೂ ದಿನದ ಉಬ್ಬರವೇ ಹೊಯಿಗೆ ತರುತ್ತದೆ, ಗಾಳಿಯ ಹಂಗೇ ಬೇಡ.

ಆದ್ದರಿಂದ ಬಿರುಗಾಳಿಯನ್ನು ಓದುವ ಮೊದಲು ಕಡಲಮಟ್ಟವನ್ನು ಓದಬೇಕು ಎನ್ನುವ ಪಕ್ಷ ನನ್ನದು. ಅದಕ್ಕೆ ಬೇಕಾದದ್ದು ಹೊಯಿಗೆಯಲ್ಲ, ಅದೇ ಜೌಗಿನ ಕಪ್ಪು ಕೆಸರು. ಅದರಲ್ಲಿ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳಿವೆ. ಜೌಗಿನಲ್ಲಿರುವ ಹಲವು ಜಾತಿಗಳು ಕೆಸರಿನ ಕಣಗಳನ್ನೇ ಅಂಟಿಸಿಕೊಂಡು ಚಿಪ್ಪು ಕಟ್ಟುತ್ತವೆ. ಸುಣ್ಣದ ಚಿಪ್ಪು ಆ ಹುಳಿ ಕೆಸರಿನಲ್ಲಿ ಕರಗಿಹೋಗುತ್ತದೆ. ಒಂದೊಂದು ಜಾತಿಗೂ ತನ್ನದೇ ಎತ್ತರದ ಹಟ. ದಿನಕ್ಕೆರಡು ಬಾರಿ ಮುಳುಗುವಲ್ಲಿ ಒಂದು, ಹುಣ್ಣಿಮೆ-ಅಮಾವಾಸ್ಯೆಯ ಉಬ್ಬರ ಮಾತ್ರ ಮುಟ್ಟುವಲ್ಲಿ ಇನ್ನೊಂದು. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಡೇವಿಡ್ ಸ್ಕಾಟ್ ಮತ್ತು ಫ್ರಾಂಕೊ ಮೆಡಿಯೋಲಿ 1978ರಲ್ಲೇ ತೋರಿಸಿದಂತೆ, ಜೌಗಿನ ಮೇಲಂಚಿನ ಜಾತಿಗಳು ಸಿಕ್ಕರೆ ಅಂದಿನ ಕಡಲಮಟ್ಟವನ್ನು ಐದು ಸೆಂಟಿಮೀಟರ್ ಆಚೀಚೆಗೆ ಹೇಳಬಹುದು. ಸೂಕ್ಷ್ಮದರ್ಶಕದ ಕೆಳಗೆ ಕಂದು ಬಣ್ಣದ ಸುರುಳಿಗಳನ್ನು ಕುಂಚದ ತುದಿಯಿಂದ ಒಂದೊಂದಾಗಿ ಎಣಿಸುವ ಕೆಲಸ. ಬೇಸರ ಬರುವವರು ಈ ದಾರಿಗೆ ಬರುವುದೇ ಬೇಡ.

ಆ ಎಣಿಕೆಯ ಫಲ ನೋಡಬೇಕಾದರೆ ಆಂಡ್ರ್ಯೂ ಕೆಂಪ್, ಬೆಂಜಮಿನ್ ಹಾರ್ಟನ್ ಮತ್ತಿತರರು ನಾರ್ತ್ ಕ್ಯಾರೊಲಿನಾದ ಎರಡು ಜೌಗುಗಳಿಂದ ಕಟ್ಟಿ 2011ರಲ್ಲಿ ಪ್ರಕಟಿಸಿದ ಗೆರೆ ನೋಡಬೇಕು. ಅಲ್ಲಿ ನೆಲ ತಾನಾಗಿ ಕುಸಿಯುತ್ತಿರುವ ಲೆಕ್ಕವನ್ನು ಕಳೆದ ಮೇಲೆ, ಕ್ರಿ.ಪೂ. 100ರಿಂದ ಕ್ರಿ.ಶ. 950ರವರೆಗೆ ಕಡಲು ಹೆಚ್ಚುಕಡಿಮೆ ಸುಮ್ಮನಿತ್ತು. ಆಮೇಲೆ ಸುಮಾರು 400 ವರ್ಷ ವರ್ಷಕ್ಕೆ 0.6 ಮಿಲಿಮೀಟರ್ ಏರಿತು, ಮತ್ತೆ ಸುಮ್ಮನಾಯಿತು. 19ನೇ ಶತಮಾನದ ಕೊನೆಯಿಂದ ಈಚೆಗೆ ವರ್ಷಕ್ಕೆ ಸರಾಸರಿ 2.1 ಮಿಲಿಮೀಟರ್. ಎರಡು ಸಾವಿರ ವರ್ಷದಲ್ಲಿ ಅಷ್ಟು ವೇಗ ಇನ್ನೊಮ್ಮೆ ಇಲ್ಲ.

ಗೆಳೆಯರು ಬೆಲೀಜ್‌ನ ಗ್ರೇಟ್ ಬ್ಲೂ ಹೋಲ್ ಹೆಸರೆತ್ತಿ ನನ್ನ ಜೌಗಿನ ಮೋಹವನ್ನು ಹಂಗಿಸುವುದುಂಟು. ಆ ನೀಲಿ ಬಾವಿಯ ತಳದಲ್ಲಿ ಆಮ್ಲಜನಕವಿಲ್ಲ, ಕೆಸರು ಕಲಕುವ ಹುಳವಿಲ್ಲ. ಅಲ್ಲಿಂದ ತೆಗೆದ 30 ಮೀಟರ್ ಕೆಸರಿನಲ್ಲಿ 5,700 ವರ್ಷಗಳ 574 ಬಿರುಗಾಳಿಗಳನ್ನು ಗುರುತಿಸಿದ ಪ್ರಬಂಧ 2025ರಲ್ಲಿ ಬಂತು. ಎಣಿಕೆಗೆ ಅದಕ್ಕಿಂತ ಮೇಲಿನದು ಯಾವುದೂ ಇಲ್ಲ, ಒಪ್ಪಿದೆ. ಆದರೂ ನೂರು ಮೀಟರಿಗೂ ಆಳದ ಕೆಸರಿನಲ್ಲಿ ಕಡಲು ಒಂದು ಗೇಣು ಏರಿದ್ದು ದಾಖಲಾಗದು. ಗಾಳಿ ಮತ್ತು ಮಟ್ಟ ಎರಡನ್ನೂ ಒಂದೇ ಕೊಳವೆಯಲ್ಲಿ ಕೊಡುವುದು ಜೌಗು ಮಾತ್ರ.

ನಮ್ಮ ಕರಾವಳಿ? ಓದಲು ಬಲು ಕಷ್ಟದ ಬರಹ. 2021ರ ಮೇ ತಿಂಗಳ ತೌಕ್ತೆಯಂತೆ ಚಂಡಮಾರುತಗಳು ಇಲ್ಲಿ ಹೆಚ್ಚಾಗಿ ದಡಕ್ಕೆ ಅಪ್ಪಳಿಸದೆ ಹೊರಗಿನಿಂದಲೇ ಉತ್ತರಕ್ಕೆ ಸಾಗಿಬಿಡುತ್ತವೆ. ಮಳೆಗಾಲದಲ್ಲಿ ಘಟ್ಟದಿಂದ ಇಳಿಯುವ ಹೊಳೆಗಳೂ ಹೊಯಿಗೆ ಹೊರುತ್ತವೆ. ಕಡಲ ಹೊಯಿಗೆಯೋ ಹೊಳೆಯದೋ ಎಂದು ಬೇರ್ಪಡಿಸುವುದೇ ಒಂದು ಕೆಲಸ. ಅಘನಾಶಿನಿಯ ಅಳಿವೆಯಲ್ಲಿ ಬಳಚು ಹೆಕ್ಕುವ ಕೈಗಳು, ಏಡಿಗಳು ಮೇಲಿನ ಕೆಸರನ್ನು ಕಲಕುತ್ತಲೇ ಇರುತ್ತವೆ. ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳಲ್ಲಂತೂ ನೀರು ಒಳಬರುವುದೂ ಹೊರಹೋಗುವುದೂ ಕಟ್ಟೆ-ಗೇಟುಗಳ ಅಂಕೆಯಲ್ಲಿ.

ಕೊಳವೆ ಇಳಿಸಲು ಜಾಗ ಆರಿಸು ಎಂದರೆ ನಾನು ಅಳಿವೆಯನ್ನು ಬಿಟ್ಟು, ಹೊಳೆ ಮುಟ್ಟದ, ಹಳೆಯ ಹೊಯಿಗೆ ದಿಬ್ಬಗಳ ನಡುವಿನ ಒದ್ದೆ ತಗ್ಗುಗಳನ್ನು ಆರಿಸುತ್ತೇನೆ. ಥಾಯ್ಲೆಂಡಿನ ಫ್ರಾ ಥಾಂಗ್ ದ್ವೀಪದಲ್ಲಿ 2004ರ ಸುನಾಮಿಯ ಹಾಸಿನ ಕೆಳಗೆ, ಸುಮಾರು 550ರಿಂದ 700 ವರ್ಷ ಹಳೆಯ ಇನ್ನೊಂದು ಹಾಸು ಸಿಕ್ಕಿದ್ದು ಅಂಥ ತಗ್ಗಿನಲ್ಲೇ. ಸುನಾಮಿಯದಾದರೇನು, ಹೊಯಿಗೆಯನ್ನು ಕಾಪಿಡುವ ಗುಣ ತಗ್ಗಿನದು. ಅಂಥ ತಗ್ಗುಗಳಲ್ಲಿ ನಮ್ಮವರು ತೆಂಗು ನೆಟ್ಟು ಮಣ್ಣು ತುಂಬಿದ್ದಾರೋ ಎಂದು ತೋಟದ ಯಜಮಾನರನ್ನು ಮೊದಲು ಕೇಳಿಕೊಳ್ಳಿ. ಕಾಂಡ್ಲಾ ಕಾಡಿನೊಳಗೆ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಕೊಳವೆ ಇಳಿಸುವ ಮಾತೇ ಬೇಡ. ಹವ್ಯಾಸಿಗಳಿಗೆ ಸೆಪ್ಟೆಂಬರ್ ಒಳ್ಳೆಯದು: ಮಳೆಗಾಲದ ನೆರೆ ಹೊಳೆಯ ದಡವನ್ನು ಹೊಸದಾಗಿ ಕೊರೆದಿರುತ್ತದೆ. ಪೂರ್ತಿ ಇಳಿತದ ಹೊತ್ತಿಗೆ ಕರಣೆ ಹಿಡಿದು ಹೋಗಿ, ಕೊರೆದ ದಡವನ್ನು ಮೇಲಿನಿಂದ ಕೆಳಕ್ಕೆ ಒಂದು ಅಡಿ ಅಗಲ ಹೆರೆದು ಚೊಕ್ಕ ಮಾಡಿ. ಹೊಯಿಗೆ ಗೆರೆ ಕಂಡರೆ ಹತ್ತಾರು ಹೆಜ್ಜೆ ಆಚೆ, ಕಡಲಿಗೆ ಇನ್ನಷ್ಟು ದೂರದಲ್ಲಿ ಮತ್ತೊಮ್ಮೆ ಹೆರೆಯಿರಿ. ಕಡಲು ತಂದ ಹಾಸು ಒಳಗೆ ಹೋದಂತೆ ತೆಳುವಾಗುತ್ತದೆ, ಕಣವೂ ನುಣ್ಣಗಾಗುತ್ತದೆ. ಒಳಗೆ ಹೋದಂತೆ ದಪ್ಪವಾಗುತ್ತಿದ್ದರೆ ಅದು ಹೊಳೆಯದು ಎಂದು ಅನುಮಾನಿಸಿ.