ಹೊಸಬರ ಕೈಹಿಡಿಯುವ ಕಲೆ

ಕೊಮರ್ರಾಜು ವೆಂಕಟ ಲಕ್ಷ್ಮಣರಾವ್ ಅವರು 1906ರಲ್ಲಿ ಹೈದರಾಬಾದಿನಲ್ಲಿ ವಿಜ್ಞಾನ ಚಂದ್ರಿಕಾ ಮಂಡಲಿಯನ್ನು ಸ್ಥಾಪಿಸಿ, ಮುಂದೆ ‘ಆಂಧ್ರ ವಿಜ್ಞಾನ ಸರ್ವಸ್ವಮು’ ಎಂಬ ತೆಲುಗು ವಿಶ್ವಕೋಶವನ್ನು ಸಂಪಾದಿಸಿದಾಗ, ಅಂಥ ಕಾರ್ಯ ವಿದ್ವಾಂಸರಿಗಷ್ಟೇ ಸಲ್ಲುವುದೆಂಬ ಭಾವನೆಯಿತ್ತು. 2003ರಲ್ಲಿ ಆರಂಭವಾದ ಕನ್ನಡ ಮತ್ತು ತೆಲುಗು ವಿಕಿಪೀಡಿಯಗಳು ಆ ಅಧಿಕಾರವನ್ನು ಓದುಗರಿಗೇ ಒಪ್ಪಿಸಿದುದರಿಂದ, ಹೊಸಬರಿಗೆ ಸಂಪಾದನೆಯನ್ನು ಕಲಿಸುವುದೇ ಒಂದು ಕಲೆಯಾಗಿ ಬೆಳೆಯಿತು. 2023ರ ಏಪ್ರಿಲಿನಲ್ಲಿ ಭಾರತದ ವಿಕಿ ಸಮ್ಮೇಳನ ಹೈದರಾಬಾದಿನಲ್ಲೇ ನೆರೆದುದು ಔಚಿತ್ಯಪೂರ್ಣವಾಗಿತ್ತು.

ಈ ಕಲೆಯ ಸೊಗಸು ಅದರ ಸಂಯಮದಲ್ಲಿದೆ. ಒಳ್ಳೆಯ ಮಾರ್ಗದರ್ಶಿಯು ಹೊಸಬರನ್ನು ಮೊದಲು ‘ಪ್ರಯೋಗಪುಟ’ಕ್ಕೆ, ಅಂದರೆ ತಪ್ಪಿದರೂ ಯಾವ ಲೇಖನವೂ ಕೆಡದ ಅಭ್ಯಾಸದ ಅಂಗಳಕ್ಕೆ, ಕರೆದೊಯ್ಯುತ್ತಾನೆ, ಬಳಿಕ ಪ್ರತಿಯೊಂದು ಬದಲಾವಣೆಯನ್ನೂ ದಾಖಲಿಸಿ ಹಿಂದಿನ ಪಾಠವನ್ನು ಮರಳಿಸಲು ನೆರವಾಗುವ ‘ಇತಿಹಾಸ’ವನ್ನು ತೋರಿಸಿ ಅಳುಕನ್ನು ಕಳೆಯುತ್ತಾನೆ, ಕೊನೆಗೆ, ಹೇಳಿಕೆಗೆ ಆಧಾರವಾದ ಗ್ರಂಥವನ್ನೋ ಪತ್ರಿಕೆಯನ್ನೋ ಸೂಚಿಸುವ ‘ಉಲ್ಲೇಖ’ದ ಶಿಸ್ತನ್ನು ರೂಢಿಸುತ್ತಾನೆ. ಕಲಿಯುವವರ ವಾಕ್ಯವನ್ನು ತಾನೇ ತಿದ್ದಿಬಿಡದೆ, ತಿದ್ದುವ ದಾರಿಯನ್ನು ಮಾತ್ರ ತೋರುವುದರಲ್ಲಿ ಅವನ ಹಿರಿಮೆಯಿದೆ.

ಸದಸ್ಯರು ಸಮಾಲೋಚಿಸುವ ಪುಟಕ್ಕೆ ಕನ್ನಡದಲ್ಲಿ ‘ಅರಳಿ ಕಟ್ಟೆ’ ಎಂದೂ ತೆಲುಗಿನಲ್ಲಿ ‘ರಚ್ಚಬಂಡ’ ಎಂದೂ ಹೆಸರಿರುವುದು ಅರ್ಥಪೂರ್ಣವಾಗಿದೆ. ಊರಿನವರು ಕೂಡಿ ಮಾತಾಡುವ ಜಾಗವನ್ನು ಸೂಚಿಸುವ ಈ ಎರಡೂ ಹೆಸರುಗಳು, ಜ್ಞಾನವು ಕೂಡಿ ಕಟ್ಟುವ ವಸ್ತುವೆಂಬುದನ್ನೂ ಕಟ್ಟೆಯ ಮೇಲೆ ಹೊಸಬರಿಗೆ ಸದಾ ಎಡೆಯಿರಬೇಕೆಂಬುದನ್ನೂ ನೆನಪಿಸುತ್ತವೆ.