ರಿಸೀವರ್ ಆರಿಸುವ ಕಿವಿ

ಯಮಹಾ ದನಿ ಹರಿತ, ಡೆನಾನ್ ದನಿ ತುಂಬು, ಮರಾಂಟ್ಜ್ ಸಂಗೀತಕ್ಕೆಂದೇ ಹುಟ್ಟಿದ್ದು. ಹೋಮ್ ಥಿಯೇಟರ್ ಕೊಳ್ಳಲು ಹೊರಟವರ ಕಿವಿಗೆ ಮೊದಲು ಬೀಳುವ ಮಾತುಗಳಿವು. ಹಿಡಕಲ್ ಡ್ಯಾಮಿನ ಸುತ್ತಲಿನ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಕಬ್ಬಿನ ದುಡ್ಡು ಕೈಗೆ ಬಂದ ವರ್ಷ ಹೊಸ ಮನೆ ಕಟ್ಟಿಸಿ, ದೊಡ್ಡ ಟಿವಿ ತಂದು, ಅದಕ್ಕೊಪ್ಪುವ ಸೆಟ್ ಹುಡುಕುವ ಕುಟುಂಬಗಳು ಈಗ ಕಡಿಮೆಯೇನಿಲ್ಲ. ಅವರು ಈ ಮಾತುಗಳನ್ನು ನಂಬಿ ರಿಸೀವರಿನ ಬ್ರ್ಯಾಂಡಿಗೆ ಹಣ ಸುರಿಯುತ್ತಾರೆ, ಸ್ಪೀಕರಿಗೆ ಉಳಿದದ್ದನ್ನು ಕೊಡುತ್ತಾರೆ. ಈ ರೂಢಿ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ರಿಸೀವರ್ ಮಾಡುವುದು ಮುಖ್ಯವಾಗಿ ಮೂರು ಕೆಲಸ. ಟಿವಿಯಿಂದಲೋ ಡಿಸ್ಕಿನಿಂದಲೋ ಬಂದ ಡಾಲ್ಬಿ, ಡಿಟಿಎಸ್ ಸಂಕೇತವನ್ನು ಬಿಡಿಸಿ ಬೇರೆ ಬೇರೆ ಚಾನೆಲ್‌ಗಳಾಗಿ ಹಂಚುತ್ತದೆ, ಕೋಣೆಗೆ ತಕ್ಕಂತೆ ಅದನ್ನು ತಿದ್ದುತ್ತದೆ, ಆಮೇಲೆ ಸ್ಪೀಕರ್ ಅಲುಗಾಡುವಷ್ಟು ಶಕ್ತಿ ತುಂಬುತ್ತದೆ. ಹೆಸರಾಂತ ಕಂಪನಿಗಳ ಇಂದಿನ ಯಂತ್ರಗಳಲ್ಲಿ ಮೊದಲನೆಯ ಕೆಲಸದಲ್ಲಿ ಕಿವಿಗೆ ತಿಳಿಯುವ ಭೇದ ಇಲ್ಲವೆಂದೇ ಹೇಳಬಹುದು. ಮೂರನೆಯದರಲ್ಲಿ, ಯಂತ್ರವನ್ನು ಅದರ ಮಿತಿಯೊಳಗೆ ಓಡಿಸಿದರೆ, ಭೇದ ಬಹಳ ಸಣ್ಣದು. ಇದು ಹಳೆಯ ಜಗಳ. ಅಮೆರಿಕದ ‘ಸ್ಟೀರಿಯೊ ರಿವ್ಯೂ’ ಪತ್ರಿಕೆ ಎಲ್ಲ ಆಂಪ್ಲಿಫೈಯರುಗಳ ದನಿಯೂ ಒಂದೇ ಏನು ಎಂದು ಕೇಳಿ, ಅಗ್ಗದ ರಿಸೀವರಿನಿಂದ ಹಿಡಿದು ಅತಿ ದುಬಾರಿ ವಾಲ್ವ್ ಆಂಪ್ಲಿಫೈಯರಿನವರೆಗೆ ಹಲವನ್ನು ಹೆಸರು ಮುಚ್ಚಿಟ್ಟು ಕೇಳಿಸಿತು. ವರದಿ 1987ರ ಜನವರಿ ಸಂಚಿಕೆಯಲ್ಲಿ ಬಂತು. ಸದ್ದಿನ ಮಟ್ಟವನ್ನು ಸಮ ಮಾಡಿದ ಮೇಲೆ ಕೇಳುಗರ ಉತ್ತರಗಳು ಕಣ್ಣುಮುಚ್ಚಿ ಊಹಿಸಿದ್ದಕ್ಕಿಂತ ಮೇಲೇಳಲಿಲ್ಲ. ಆ ಪರೀಕ್ಷೆಯನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ಹೆಸರು ಕಂಡಾಗ ಕೇಳಿಸುವ ‘ಹರಿತ’ ಹೆಸರು ಮುಚ್ಚಿದ ಕೂಡಲೇ ಕರಗುವುದಾದರೆ, ಅದು ಯಂತ್ರದ ಗುಣವೆಂದು ನಾನು ಹೇಗೆ ಒಪ್ಪಲಿ?

ಸದ್ದಿನ ಮಟ್ಟವನ್ನು ಸಮ ಮಾಡುವುದು ಎಂದೆನಲ್ಲ, ಎಲ್ಲವೂ ಅಲ್ಲೇ ಇದೆ. ಎರಡು ಯಂತ್ರಗಳಲ್ಲಿ ಒಂದು ತುಸು ಜೋರಾಗಿ ನುಡಿದರೆ ಕಿವಿ ಅದನ್ನು ‘ಜೋರು’ ಅನ್ನುವುದಿಲ್ಲ, ‘ಚಲೋ’ ಅನ್ನುತ್ತದೆ. ಸದ್ದು ಇಳಿದಂತೆ ನಮಗೆ ಬೇಸ್ ಮಿಕ್ಕೆಲ್ಲಕ್ಕಿಂತ ಬೇಗ ಕೇಳದಂತಾಗುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಅಂಗಡಿಯ ಡೆಮೊ ನಡೆಯುವುದು ಈ ದೌರ್ಬಲ್ಯದ ಮೇಲೆಯೇ: ಇಂಗ್ಲಿಷ್ ಸಿನಿಮಾದ ಸ್ಫೋಟ, ಕಾರುಗಳ ಹೊಡೆದಾಟ, ‘ಕೇಳ್ರಿ ಅಣ್ಣಾರ, ಏನ್ ಬೇಸ್ ಐತಿ’ ಎಂಬ ಮಾತು. ಸ್ಫೋಟ ಹೇಗೆ ಕೇಳಬೇಕೆಂದು ಯಾರಿಗೆ ಗೊತ್ತು? ಅದರಲ್ಲಿ ಸರಿ-ತಪ್ಪು ಹೇಳಲು ಕಿವಿಗೆ ಆಧಾರವೇ ಇಲ್ಲ.

ನಮ್ಮ ಸೀಮೆಗೆ ಬೇಸಿನ ರುಚಿ ಬೇರೆ ದಾರಿಯಿಂದಲೂ ಬಂದಿದೆ. ಕಬ್ಬು ಹೇರಿಕೊಂಡು ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಗೋ ಇನ್ನೊಂದಕ್ಕೋ ರಾತ್ರಿಯಿಡೀ ಸಾಗುವ ಟ್ರ್ಯಾಕ್ಟರುಗಳ ಡೆಕ್ ಸದ್ದು ಇಲ್ಲಿ ಹುಟ್ಟಿದವರಿಗೆ ಗೊತ್ತು. ಇಂಜಿನ್ ಗದ್ದಲವನ್ನು ಮೀರಬೇಕು, ಚಾಲಕನ ಕಣ್ಣಿಗೆ ನಿದ್ದೆ ಹತ್ತಬಾರದು; ಬಯಲಲ್ಲಿ ಆ ಧಾಟಿಗೆ ಕಾರಣವಿದೆ. ಅದೇ ಧಾಟಿಯನ್ನು ಮುಚ್ಚಿದ ಪಡಸಾಲೆಗೆ ತಂದರೆ ಮಾತು, ಹಾಡು ಎರಡೂ ಮುಳುಗುತ್ತವೆ.

ರೇಡಿಯೊ ರಿಪೇರಿಯವರು ಜೋಡಿಸಿಕೊಡುವ ಅಸೆಂಬಲ್ ಸೆಟ್ಟುಗಳ ಬಗ್ಗೆ ನನಗೆ ಗೌರವವಿದೆ. ಅವುಗಳಲ್ಲಿ ಬಹುಕಾಲ ಮೆರೆದದ್ದು 4440 ಐಸಿ. ಸ್ಯಾನ್ಯೊ ಕಂಪನಿಯ ಈ ಐಸಿ ಎರಡು ಚಾನೆಲ್‌ಗೆ ತಲಾ 6 ವಾಟ್, ಸೇರಿಸಿ ಕಟ್ಟಿದರೆ 19 ವಾಟ್ ಕೊಡುತ್ತದೆ. ಅಂಥ ಕೆಲವನ್ನು ಒಳಗಿಟ್ಟು, ಡಬ್ಬಿಯ ಮೇಲೆ ಸಾವಿರಗಳಲ್ಲಿ ಪಿಎಂಪಿಒ ಎಂಬ ಉಬ್ಬಿಸಿದ ವಾಟ್ ಅಂಕಿ ಬರೆದದ್ದು ಮಾತ್ರ ಅನ್ಯಾಯ. ಇವುಗಳ ಬಹುಪಾಲು ‘5.1’ ಬರೀ ಸ್ಟೀರಿಯೊ ದನಿಯನ್ನು ಸಣ್ಣ ಬೋರ್ಡಿನಲ್ಲಿ ಸೀಳಿ ಹಂಚಿದ್ದು. ಸಿನಿಮಾದ ಮಾತು ಮಧ್ಯದ ಸ್ಪೀಕರಿಗೆ ಬೇರೆಯಾಗಿ ಬರುವುದಿಲ್ಲ. ರಿಸೀವರ್ ನಿಜಕ್ಕೂ ಗೆಲ್ಲುವುದು ಇಲ್ಲಿ. ಅಸೆಂಬಲ್ ಸೆಟ್ ಗೆಲ್ಲುವುದು ಕೆಟ್ಟಾಗ: ಸಂತೆಯ ದಿನ ಕೊಟ್ಟು ಸಂತೆ ಮುಗಿಸಿ ಒಯ್ಯಬಹುದು. ರಿಸೀವರಿನ ಎಚ್‌ಡಿಎಂಐ ಬೋರ್ಡ್ ಸುಟ್ಟರೆ ದೂರದ ಸರ್ವಿಸ್ ಸೆಂಟರಿನ ದಾರಿ ಹಿಡಿಯಬೇಕು. ದನಿಯ ಗುಣಮಟ್ಟವನ್ನು ತೂಗುವಾಗ, ಮೂಲೆಯಲ್ಲಿ ಸುಮ್ಮನೆ ಕುಳಿತ ಯಂತ್ರಕ್ಕೆ ದನಿಯೇ ಇಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ವಾಟಿನ ವಿಷಯದಲ್ಲಿ ದೊಡ್ಡ ಕಂಪನಿಗಳ ಅಂಕಿಯನ್ನೂ ಎಚ್ಚರದಿಂದ ಓದಬೇಕು. ಡೆನಾನ್ ಎವಿಆರ್-ಎಕ್ಸ್1700ಎಚ್‌ಗೆ 80 ವಾಟ್; ಯಮಹಾ ಆರ್‌ಎಕ್ಸ್-ವಿ4ಎಗೂ 80 ವಾಟ್. ಎರಡೂ ಸಮ ಎನ್ನುವಂತಿಲ್ಲ. ಡೆನಾನಿನ 80 ಎಂಟು ಓಮ್ ಸ್ಪೀಕರಿನ ಮೇಲೆ ಅಳೆದದ್ದು, ಯಮಹಾದ 80 ಆರು ಓಮ್ ಮೇಲೆ; ಓಮ್ ಇಳಿದಂತೆ ಕಾಗದದ ವಾಟ್ ಏರುತ್ತದೆ. ಜೊತೆಗೆ ಎರಡೂ ಅಂಕಿ ಎರಡೇ ಚಾನೆಲ್ ನುಡಿಸಿ ಅಳೆದವು, ಐದೂ ಒಟ್ಟಿಗೆ ಕೂಗುವಾಗಿನ ಮಾತು ಬೇರೆ. ಈ ಗೊಂದಲ ತಡೆಯಲು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ನಿಯಮ ಮಾಡಿತ್ತು. 2024ರಲ್ಲಿ ತಿದ್ದಿ, ಎಂಟು ಓಮ್, 20ರಿಂದ 20,000 ಹರ್ಟ್ಜ್, ಶೇ. 1ಕ್ಕಿಂತ ಕಡಿಮೆ ವಿಕೃತಿ ಎಂದು ಅಳತೆಗೋಲನ್ನು ಗಟ್ಟಿ ಮಾಡಿತು. ನಾವೂ ಅದೇ ಸಾಲನ್ನು ಹುಡುಕಿ ಓದಿದರೆ ಸಾಕು.

ಇಷ್ಟಾಗಿಯೂ ವಾಟ್ ಹಿಂದೆ ಓಡಬೇಕಾಗಿಲ್ಲ. ಶಕ್ತಿ ಇಮ್ಮಡಿಯಾದರೆ ಏರುವುದು ಬರೀ 3 ಡೆಸಿಬೆಲ್. ಅಷ್ಟೇ ಶಕ್ತಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಎಂಬ ಲೆಕ್ಕದಲ್ಲಿ (ಸೆನ್ಸಿಟಿವಿಟಿ) 85 ಡೆಸಿಬೆಲ್ಲಿನ ಸ್ಪೀಕರಿನ ಬದಲು 90ರದ್ದು ತಂದರೆ ರಿಸೀವರಿನ ಶಕ್ತಿ ಮೂರು ಪಟ್ಟಾದಂತೆ. ಹಳ್ಳಿಯ ಲೈನಿನ ಕೊನೆಯ ಮನೆಗಳಲ್ಲಿ ಸಂಜೆ ಕರೆಂಟ್ 230ರಿಂದ 190 ವೋಲ್ಟಿಗೆ ಇಳಿದರೆ ಆಂಪ್ಲಿಫೈಯರಿನ ಗರಿಷ್ಠ ಶಕ್ತಿ ಮೂರರಲ್ಲೊಂದು ಪಾಲು ತಗ್ಗಬಹುದು. ಕೇಳಲು ದೊಡ್ಡ ನಷ್ಟ. ಕಿವಿಗೆ 2 ಡೆಸಿಬೆಲ್ ಕೂಡ ಅಲ್ಲ. ಸ್ಟೆಬಿಲೈಜರ್ ಬೇಕು, ಯಂತ್ರದ ಆಯುಷ್ಯಕ್ಕಾಗಿ.

ಇನ್ನು ಎರಡನೆಯ ಕೆಲಸ, ಕೋಣೆಯನ್ನು ತಿದ್ದುವುದು. ರಿಸೀವರ್ ರಿಸೀವರಿನ ನಡುವೆ ನಿಜವಾಗಿ ಕೇಳಿಸುವ ಅಂತರ ಇದೇ. ನಮ್ಮ ಹೊಸ ಮನೆಗಳನ್ನು ನೋಡಿ: ಮೇಲೆ ಆರ್‌ಸಿಸಿ ಸ್ಲ್ಯಾಬ್, ಕೆಳಗೆ ಹೊಳೆಯುವ ಟೈಲ್ಸ್ ಇಲ್ಲವೇ ಗ್ರಾನೈಟ್, ಒಂದು ಗೋಡೆಗೆ ಗಾಜಿನ ಷೋಕೇಸ್. ಚಪ್ಪಾಳೆ ತಟ್ಟಿದರೆ ಸದ್ದು ಗೋಡೆಯಿಂದ ಗೋಡೆಗೆ ಹಾರಾಡುತ್ತದೆ. ಹಳೆಯ ಮಣ್ಣಿನ ಮಾಳಿಗೆ ಮನೆಗಳ ಜಂತಿ, ತೊಲೆ, ಒರಟು ಗೋಡೆಗಳು ಸದ್ದನ್ನು ಚದುರಿಸಿ ಮೆತ್ತಗೆ ಮಾಡುತ್ತಿದ್ದವು. ಅಲ್ಲಿ ಹಿರಿಯರ ಪಿಸುಮಾತೂ ಸ್ಪಷ್ಟ. ಹತ್ತು-ಹನ್ನೆರಡು ಅಡಿಯ ಪಡಸಾಲೆಯಲ್ಲಿ 47 ಮತ್ತು 56 ಹರ್ಟ್ಜ್ ಸುತ್ತ ಬೇಸ್ ಉಬ್ಬಿ ನಿಲ್ಲುತ್ತದೆ. ಯಾವ ಬ್ರ್ಯಾಂಡ್ ತಂದರೂ ಉಬ್ಬು ಅಲ್ಲೇ, ಏಕೆಂದರೆ ಅದು ಗೋಡೆಗಳ ಅಳತೆಯಿಂದ ಹುಟ್ಟಿದ್ದು.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾತು ತಿಳಿಯದ ಉಪನ್ಯಾಸ ಮಂದಿರವನ್ನು ಸರಿಪಡಿಸಲು ಹೊರಟ ವಾಲೇಸ್ ಸಬೀನ್ 1890ರ ದಶಕದ ಕೊನೆಯಲ್ಲಿ ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು ಹರಡಿ, ಪ್ರತಿಧ್ವನಿ ಆರುವ ಹೊತ್ತನ್ನು ಅಳೆದ. ನಮ್ಮಲ್ಲಿ ಮೆತ್ತೆ ಕೊಳ್ಳಬೇಕಿಲ್ಲ, ಕೌದಿ ಇದೆ. ಸ್ಪೀಕರಿನ ಎದುರು ಗೋಡೆಗೆ ಎರಡು ದಪ್ಪ ಕೌದಿ ತೂಗುಹಾಕಿ, ನೆಲಕ್ಕೆ ಜಮಖಾನೆ ಹಾಸಿ, ಅದೇ ಹಾಡನ್ನು ಮತ್ತೆ ಕೇಳಿ. ಬ್ರ್ಯಾಂಡ್ ಬದಲಿಸಿದಾಗ ಸಿಗದ ಬದಲಾವಣೆ ಆಗ ಸಿಗುತ್ತದೆ. ಆಳದ ಬೇಸಿನ ಉಬ್ಬು ಕೌದಿಗೆ ಬಗ್ಗದು. ಅದಕ್ಕೆ ರಿಸೀವರಿನ ಮೈಕ್, ಅದರಿಂದ ಅಳೆದು ತಿದ್ದುವ ತಂತ್ರ ಬೇಕು. ಡೆನಾನ್, ಮರಾಂಟ್ಜ್‌ಗಳಲ್ಲಿ ಅದರ ಹೆಸರು ‘ಆಡಿಸಿ’, ಯಮಹಾದಲ್ಲಿ ವೈಪಿಎಒ, ಮೇಲಿನ ದರ್ಜೆಯ ಕೆಲವು ಯಂತ್ರಗಳಲ್ಲಿ ಸ್ವೀಡನ್ನಿನ ಡಿರಾಕ್. ಮೇಲೆ ಹೇಳಿದ ಡೆನಾನ್ ಎಂಟು ಜಾಗಗಳಲ್ಲಿ ಮೈಕ್ ಇಟ್ಟು ಅಳೆಯಲು ಬಿಡುತ್ತದೆ. ಮನೆಮಂದಿಯೆಲ್ಲ ಸಾಲಾಗಿ ಕೂರುವ ನಮ್ಮ ಪದ್ಧತಿಗೆ ಇದು ತುಂಬ ಉಪಯುಕ್ತ. ಎಂಟೂ ಜಾಗ ಅಳೆಯುವ ತಾಳ್ಮೆ ಬೇಕು, ಅಷ್ಟೆ. ಚಾನೆಲ್‌ಗಳ ಮಟ್ಟ ಸರಿಮಾಡಲು ರಿಸೀವರಿನಲ್ಲಿ ಪಿಂಕ್ ನಾಯ್ಸ್ ಎಂಬ ಸದ್ದಿರುತ್ತದೆ. ಮಳೆಗಾಲದಲ್ಲಿ ಹಿಡಕಲ್ ಗೇಟು ತೆಗೆದಾಗ ಗೋಕಾಕ ಫಾಲ್ಸ್ ದೂರದಿಂದ ಮೊರೆದಂತೆಯೇ ಅದು. ಎಲ್ಲ ಸ್ಪೀಕರಿನಿಂದಲೂ ಆ ಮೊರೆತ ಒಂದೇ ಬಣ್ಣದಲ್ಲಿ ಬಂದರೆ ಹೊಂದಿಕೆ ಸರಿ.

ಹಾಗಾದರೆ ಏನನ್ನು ನುಡಿಸಿ ಪರೀಕ್ಷಿಸಬೇಕು? ಎದುರಿಗೆ ಕುಳಿತು ಕೇಳಿದ ಅನುಭವ ಇರುವಂಥದನ್ನು. ಮೊದಲು ತಬಲಾ. ತಬಲಾದ ನಡುವೆ ಹಚ್ಚಿದ ಕರಣೆಯಿಂದಾಗಿ ಅದರ ಉಪಸ್ವರಗಳು ಶ್ರುತಿಬದ್ಧವಾಗುತ್ತವೆ ಎಂದು ಸಿ.ವಿ. ರಾಮನ್ ಮತ್ತು ಶಿವಕಾಳಿ ಕುಮಾರ್ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಬಲಗೈ ತಬಲಾದ ಪೆಟ್ಟಿನಲ್ಲಿ ಸ್ವರ ಕೇಳಬೇಕು. ಬರೀ ‘ಟಪ್’ ಕೇಳಿದರೆ ಎಲ್ಲೋ ಕೆಟ್ಟಿದೆ. ಆಮೇಲೆ ಗಂಗೂಬಾಯಿ ಹಾನಗಲ್. ಸಬ್‌ವೂಫರ್ ಹೆಚ್ಚಿಸಿದ ಸೆಟ್ಟಿನಲ್ಲಿ ಆ ಗಂಭೀರ ಕಂಠ ಬರೀ ಗಂಡು ದನಿಯಾಗುತ್ತದೆ. ಸರಿಯಾದದ್ದರಲ್ಲಿ ಆಳವೂ ಉಳಿಯುತ್ತದೆ, ಹೆಣ್ಣಿನ ಉಸಿರೂ ಉಳಿಯುತ್ತದೆ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಸಿನಿಮಾದ ಶೀರ್ಷಿಕೆ ಗೀತೆಯೂ ಒಳ್ಳೆಯ ಒರೆಗಲ್ಲು. ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದ ಹಾಡದು. ಆ ಕಾಲದ ಹಾಡಿಗೆ ಸರೌಂಡ್ ಹಚ್ಚಿ ಐದು ದಿಕ್ಕಿಗೆ ಚೆಲ್ಲಬಾರದು. ‘ಸ್ಟೀರಿಯೊ’ ಗುಂಡಿ ಒತ್ತಿ. ಕಂಠ ಎರಡು ಸ್ಪೀಕರಿನ ನಡುಮಧ್ಯೆ ಗಟ್ಟಿಯಾಗಿ ನಿಲ್ಲಬೇಕು. ಕೊನೆಗೆ ಪಾರಿಜಾತದ ಆಟ. ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಹಾಡಿ ಮೆರೆಸಿದ ಶ್ರೀಕೃಷ್ಣ ಪಾರಿಜಾತದಲ್ಲಿ ದೂತಿಯ ಮಾತು ಹಾರ್ಮೋನಿಯಂ ಮತ್ತು ತಾಳಗಳ ನಡುವೆಯೇ ಬರುತ್ತದೆ. ಆ ಮಾತಿನ ಒಂದೊಂದು ಅಕ್ಷರವೂ ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಗೆ ತಿಳಿದರೆ ಯಂತ್ರ ಪಾಸು.

ಸಿನಿಮಾ, ಕ್ರಿಕೆಟ್ ಹೆಚ್ಚು ನೋಡುವ ಮನೆಗೆ ನನ್ನ ತೀರ್ಪು ಇದು: ಮೇಲಿನ ಎರಡರಲ್ಲಿ ಡೆನಾನ್, ಅದೂ ದನಿಯ ‘ತುಂಬಿಗಾಗಿ’ ಅಲ್ಲ, ಕೋಣೆ ತಿದ್ದುವ ಗುಣಕ್ಕಾಗಿ. ಅದರ ಮೇಲಿನ ಮಾಡೆಲ್ಲಿಗೆ ಹೋಗುವ ಹಣವನ್ನು ಮಧ್ಯದ ಸ್ಪೀಕರಿಗೆ ಕೊಡಿ, ಮಾತು ಬಹುಪಾಲು ಬರುವುದು ಅದರಿಂದ. ಹಾಡು, ಭಜನೆ, ಪಾರಿಜಾತವನ್ನೇ ಕೇಳುವ ಮನೆಯವರು ರಿಸೀವರ್ ಕೊಳ್ಳಲೇಬೇಡಿ. ಎರಡು ಚಾನೆಲ್ಲಿನ ಸ್ಟೀರಿಯೊ ಆಂಪ್ಲಿಫೈಯರ್, ಎರಡು ಒಳ್ಳೆಯ ಸ್ಪೀಕರ್ ತನ್ನಿ. ಉಳಿದ ದುಡ್ಡಿನಲ್ಲಿ ನಾಲ್ಕು ಮನೆಯವರು ಸೇರಿ ಪಾರಿಜಾತದ ಮೇಳವೊಂದನ್ನು ಊರಿಗೆ ಕರೆಸಿ, ಮುಂದಿನ ಸಾಲಿನಲ್ಲಿ ಮಕ್ಕಳನ್ನು ಕೂರಿಸಿ.